ಸಾಗರಾಂತರ ಸೇನಾ ಸರಬರಾಜು: ಮುಂಬಯಿ ರೇವಿನ ದಾರಿ

ಯುದ್ಧಕಾಲದಲ್ಲಿ ಸ್ವದೇಶವನ್ನು ಬಿಟ್ಟು ಕಡಲಾಚೆಯ ನೆಲದಲ್ಲಿ ಕಾದುವ ದಂಡಿಗೆ ಆಹಾರ, ಮೇವು, ನೀರು, ಉಡುಪು, ಔಷಧ, ಮದ್ದುಗುಂಡು, ವಾಹನ ಮತ್ತು ಹಣಗಳನ್ನು ಎಡೆಬಿಡದೆ ಒದಗಿಸುವ, ಅಲ್ಲಿಂದ ಗಾಯಾಳುಗಳನ್ನೂ ರೋಗಿಗಳನ್ನೂ ಹಿಂದಕ್ಕೆ ಕರೆತರುವ ಸಮಗ್ರ ವ್ಯವಸ್ಥೆಗೆ ಸಾಗರಾಂತರ ಸೇನಾ ಸರಬರಾಜು ಎಂದು ಹೆಸರು. ತನ್ನ ನಾಡಿನಲ್ಲಿರುವ ದಂಡು ಹಸಿದರೆ ಯಾವುದಾದರೊಂದು ಹಳ್ಳಿಯ ಕಣಜವನ್ನು ಹುಡುಕಿಕೊಂಡು ಹೋದೀತು. ಸಮುದ್ರವನ್ನು ದಾಟಿದ ದಂಡಿಗಾದರೋ ಬೆನ್ನ ಹಿಂದಿರುವುದು ಉಪ್ಪುನೀರು, ಎದುರಿಗಿರುವುದು ಶತ್ರು. ಈ ವಿಷಯವನ್ನು ಕುರಿತ ದಾಖಲೆಗಳಲ್ಲಿ ಕೂಡಿಟ್ಟ ದವಸದ ರಾಶಿಗಳ ಲೆಕ್ಕ ವಿಪುಲವಾಗಿ ದೊರೆಯುತ್ತದೆ; ಆದರೆ ಒಂದೂವರೆ ಶತಮಾನದ ವೃತ್ತಾಂತವನ್ನು ಸಾವಧಾನವಾಗಿ ಅವಲೋಕಿಸಿದವನಿಗೆ, ದಂಡುಗಳ ಅಳಿವು-ಉಳಿವು ನಿಶ್ಚಯವಾದುದು ರೈಲಿನಿಂದ ಹಡಗಿಗೆ, ಹಡಗಿನಿಂದ ಪಡಾವಿಗೆ, ಪಡಾವಿನಿಂದ ಹೇಸರಗತ್ತೆಯ ಬೆನ್ನಿಗೆ ಮೂಟೆಯು ಕೈಬದಲಾಗುವ ಇಕ್ಕಟ್ಟಿನ ಎಡೆಗಳಲ್ಲಿ ಎಂಬುದು ಮನದಟ್ಟಾಗುತ್ತದೆ.

ಮುಂಬಯಿಯ ಉತ್ತರದ ಅಂಚಿನಲ್ಲಿ, ಸಾಷ್ಟಿ ದ್ವೀಪದ ನೆಲವು ವಸಯಿಯ ಖಾರಿಯತ್ತ ತಗ್ಗುತ್ತ ಹೋಗುವ ಕಡೆ, ತುಳಸಿ ಸರೋವರದಿಂದ ಇಳಿದುಬರುವ ಹೊಳೆಯ ದಂಡೆಯಲ್ಲಿರುವ ದಹಿಸರ್ ಅಂತಹ ಸರಬರಾಜಿನ ದಾರಿಯ ಮೇಲಿನ ಒಂದು ಊರು. ಮಂಡಪೇಶ್ವರದ ಗುಹೆಗಳಿಗೆ ಸಮೀಪವಾದ ಈ ಊರು ಬೃಹನ್ಮುಂಬಯಿಯ ಎಲ್ಲೆಯೊಳಗೆ ಸೇರಿದುದು 1957ರಲ್ಲಿ. ಆದರೆ ಅದಕ್ಕೆ ಸುಮಾರು ಒಂದು ಶತಮಾನದಷ್ಟು ಮುಂಚೆ, 1864ರಲ್ಲಿಯೇ, ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯ ಹಳಿಗಳು ವಸಯಿಯ ಖಾರಿಯನ್ನು ದಾಟಿ ಇದರ ಮಗ್ಗುಲಿನಿಂದ ಗ್ರಾಂಟ್ ರೋಡಿನವರೆಗೆ ಸಾಗಿದ್ದುವು. 1909ರಲ್ಲಿ ನಾಗದಾ–ಮಥುರಾ ಮಾರ್ಗವು ಪೂರ್ಣವಾದ ಬಳಿಕ ಉತ್ತರ ಹಿಂದೂಸ್ಥಾನದಿಂದ ಅಗಲ ಹಳಿಯ ಗಾಡಿಯೊಂದು ಎಲ್ಲಿಯೂ ಸರಕು ಇಳಿಸದೆ ನೇರವಾಗಿ ಈ ದಾರಿಯಿಂದ ಮುಂಬಯಿಯನ್ನು ಸೇರುವುದು ಸಾಧ್ಯವಾಯಿತು. ಇಂದು ದಹಿಸರಿನಲ್ಲಿ ಮನೆಮಾಡಿ ಪ್ರತಿದಿನ ಚರ್ಚ್‌ಗೇಟಿನವರೆಗೆ ಹೋಗಿಬರುವ ಅನೇಕ ಕನ್ನಡಿಗರು ತುಳಿಯುತ್ತಿರುವುದು ಎರಡು ಮಹಾಯುದ್ಧಗಳಲ್ಲಿ ದಂಡು ರೇವಿಗೆ ಇಳಿದ ಹಾದಿಗಳಲ್ಲೊಂದನ್ನೇ.

ಕನ್ನಡ ನಾಡಿಗೆ ದಂಡಿನ ಸರಬರಾಜು ಹೊಸ ವಿದ್ಯೆಯೇನೂ ಆಗಿರಲಿಲ್ಲ. ದಖ್ಖನಿನಲ್ಲಿ ಸಂಚರಿಸಿದ ಸೈನ್ಯಗಳಿಗೆ ಹೇರೆತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ತಂದು ಮಾರುತ್ತಿದ್ದವರು ಲಂಬಾಣಿಗಳು. ಮೈಸೂರಿನ ಅರಸರು ಕಾವಲುಗಳಲ್ಲಿ ಸಾಕಿದ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿದ್ದು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ದನಗಳ ಮಂದೆ ತೋಪು ಎಳೆಯುವುದರಲ್ಲಿಯೂ ದೂರದ ಪಯಣದಲ್ಲಿಯೂ ಅಸದೃಶವಾಗಿದ್ದಿತು. ಶ್ರೀರಂಗಪಟ್ಟಣದ ಪತನಾನಂತರ ಈ ಎತ್ತುಗಳನ್ನು ತನ್ನ ದಂಡಯಾತ್ರೆಗಳಲ್ಲಿ ಬಳಸಿಕೊಂಡ ಆರ್ಥರ್ ವೆಲ್ಲೆಸ್ಲಿಯು ಮುಂದೆ ಸ್ಪೇನ್ ಪೋರ್ಚುಗಲ್‌ಗಳ ಯುದ್ಧದಲ್ಲಿ ಅವುಗಳ ಅಭಾವವನ್ನು ನೆನೆದು ಕೊರಗಿದನೆಂದು ಹೇಳುವುದುಂಟು. ಆ ಕೊರಗಿನಲ್ಲಿ ಈ ಶಾಸ್ತ್ರದ ಒಂದು ಮೂಲಸೂತ್ರವಡಗಿದೆ: ನಾಡಿನ ಮೇವು, ನಾಡಿನ ಕಾವಲು, ನಾಡಿನ ಗೋವಳ ಇವುಗಳಿಂದ ಬೇರ್ಪಡಿಸಿ ಎತ್ತನ್ನು ಮಾತ್ರ ಹಡಗಿಗೆ ಏರಿಸಲಾಗದು.

ಮುಂಬಯಿಯಿಂದ ಹೊರಟ ಆರಂಭದ ದೊಡ್ಡ ಸಾಗರಾಂತರ ದಂಡುಗಳಲ್ಲೊಂದರ ನಾಯಕನಿಗೂ ಶ್ರೀರಂಗಪಟ್ಟಣಕ್ಕೂ ಗಾಢವಾದ ನಂಟಿದ್ದಿತು. ಅಲ್ಲಿ ವರ್ಷಗಳ ಕಾಲ ಸೆರೆಯಲ್ಲಿದ್ದು, 1799ರಲ್ಲಿ ಅದೇ ಕೋಟೆಯ ಮೇಲಿನ ಲಗ್ಗೆಯ ಮುಂದಾಳಾದ ಡೇವಿಡ್ ಬೇರ್ಡನು 1801ರಲ್ಲಿ ಫ್ರೆಂಚರ ವಿರುದ್ಧ ಈಜಿಪ್ಟಿಗೆ ನಡೆದನು. ಎರಡನೆಯ ಸ್ಥಾನದಲ್ಲಿ ಹೋಗಬೇಕಾಗಿದ್ದ ವೆಲ್ಲೆಸ್ಲಿಯು ಕಾಯಿಲೆ ಬಿದ್ದು ಮುಂಬಯಿಯಲ್ಲಿಯೇ ಉಳಿದನು. ಆತನು ಏರಬೇಕಾಗಿದ್ದ ಹಡಗು ದಾರಿಯಲ್ಲಿ ಮುಳುಗಿಹೋಯಿತು. ಬೇರ್ಡನ ದಂಡು ಕೆಂಪುಸಮುದ್ರದ ಕೊಸೇರ್ ರೇವಿನಲ್ಲಿಳಿದು, ತೊಗಲಿನ ಚೀಲಗಳಲ್ಲಿ ನೀರು ಹೊತ್ತು ನೂರಿಪ್ಪತ್ತು ಮೈಲಿಯ ಮರುಭೂಮಿಯನ್ನು ದಾಟಿ ನೈಲ್ ನದಿಯ ಕೆನಾ ಪಟ್ಟಣವನ್ನು ಮುಟ್ಟಿತು. ಅಷ್ಟರಲ್ಲಿ ಕೈರೋದ ಫ್ರೆಂಚರು ಶರಣಾಗಿದ್ದರು. ಆದುದರಿಂದ ಆ ಯಾತ್ರೆಯ ಮುಖ್ಯ ಸಮರವು ಬಾಯಾರಿಕೆಯೊಡನೆಯೇ ನಡೆಯಿತೆನ್ನಬೇಕು.

ಈ ಚರಿತ್ರೆಯಲ್ಲಿ ವಿಶೇಷವಾಗಿ ಅಧ್ಯಯನ ಮಾಡತಕ್ಕದ್ದು 1867–68ರ ಅಬಿಸೀನಿಯಾದ (ಇಂದಿನ ಇಥಿಯೋಪಿಯಾ) ದಂಡಯಾತ್ರೆ. ಚಕ್ರವರ್ತಿ ತೆವೊಡ್ರೋಸನು ಸೆರೆಯಲ್ಲಿಟ್ಟಿದ್ದ ಯೂರೋಪಿಯನ್ನರ ಬಿಡುಗಡೆಗಾಗಿ ಮುಂಬಯಿ ಸೈನ್ಯದ ದಂಡನಾಯಕನಾದ ಸರ್ ರಾಬರ್ಟ್ ನೇಪಿಯರನ ನೇತೃತ್ವದಲ್ಲಿ ಈ ಯಾತ್ರೆ ಹೊರಟಿತು. ಆಗ ಮುಂಬಯಿಯಲ್ಲಿ ಹಡಗು ಒಳಗೆ ಬಂದು ಕಟ್ಟೆಗೆ ತಾಗಿ ನಿಲ್ಲುವಂತಹ ಡಾಕುಗಳು ಇರಲಿಲ್ಲ. ಆ ಬಗೆಯಲ್ಲಿ ಮೊದಲನೆಯದಾದ ಸಸೂನ್ ಡಾಕ್ ಪೂರ್ಣವಾದುದು 1875ರಲ್ಲಿ. ಹೀಗಾಗಿ ಪ್ರತಿಯೊಂದು ಮೂಟೆಯೂ ಪ್ರತಿಯೊಂದು ಪ್ರಾಣಿಯೂ ಬಂದರಿನ ಕಟ್ಟೆಯಿಂದ ಪಡಾವಿಗೆ ಇಳಿದು, ಪಡಾವಿನಿಂದ ನಡುನೀರಿನಲ್ಲಿ ನಿಂತ ಹಡಗಿಗೆ ಏರಬೇಕಾಗಿದ್ದಿತು. ಹದಿಮೂರು ಸಾವಿರದಷ್ಟು ಸೈನಿಕರಿಗೆ ಇಪ್ಪತ್ತಾರು ಸಾವಿರದಷ್ಟು ಪರಿಚಾರಕರು, ನಲವತ್ತು ಸಾವಿರಕ್ಕೆ ಮಿಕ್ಕ ಪ್ರಾಣಿಗಳು, ಭಾರಿ ತೋಪುಗಳನ್ನು ಹೊರಲು 44 ಆನೆಗಳು, ಇವೆಲ್ಲವನ್ನೂ ಸಾಗಿಸಲು 280ಕ್ಕೂ ಹೆಚ್ಚು ಹಡಗುಗಳು: ಕಾದುವವನೊಬ್ಬನಿಗೆ ಹೊರುವವರು ಇಬ್ಬರು ಎಂಬ ಈ ಪ್ರಮಾಣವನ್ನು ಓದುಗರು ನೆನಪಿನಲ್ಲಿಡುವುದು ಒಳಿತು.

ಕೆಂಪುಸಮುದ್ರದ ಜೂಲಾ ಎಂಬಲ್ಲಿ ದಂಡು ಇಳಿದ ತೀರ ಬರಡು; ಕುಡಿಯುವ ನೀರಿಲ್ಲ. ಹಡಗುಗಳ ಬಾಯಿಲರುಗಳಲ್ಲಿ ಕಡಲ ನೀರನ್ನು ಕುದಿಸಿ, ಆವಿಯನ್ನು ತಣಿಸಿ, ಸಿಹಿನೀರು ಮಾಡಿ ದಡಕ್ಕೆ ಸಾಗಿಸಬೇಕಾಯಿತು. ಈಜಿಪ್ಟ್, ತುರ್ಕಿ, ಸ್ಪೇನ್‌ಗಳಲ್ಲಿ ಅವಸರದಿಂದ ಕೊಂಡ ಹೇಸರಗತ್ತೆಗಳು ಅವುಗಳನ್ನು ನೋಡಿಕೊಳ್ಳಬಲ್ಲ ಆಳುಗಳಿಗಿಂತ ಮುಂಚಿತವಾಗಿ ಬಂದಿಳಿದುವು. ಕಟ್ಟಿದ ಹಗ್ಗಗಳನ್ನು ಕಡಿದುಕೊಂಡು ನೀರನ್ನರಸುತ್ತ ತೀರದಲ್ಲಿ ಅಲೆದು ಸಾವಿರಗಟ್ಟಲೆ ಸತ್ತುವು. ಗತ್ತೆಯೂ ಗತ್ತೆಯಾಳೂ ಕಟ್ಟುವ ಸರಪಳಿಯೂ ಒಂದೇ ದಿನ ಒಂದೇ ದಡಕ್ಕೆ ಮುಟ್ಟಲಿಲ್ಲ ಎಂಬುದೇ ಅಲ್ಲಿನ ದುರಂತ. ಕರಾವಳಿಯ ಬಯಲಿನಲ್ಲಿ ಹನ್ನೆರಡು ಮೈಲಿಯಷ್ಟು ರೈಲುಹಾದಿ ಹಾಕಲು ಹಿಂದೂಸ್ಥಾನದಿಂದ ಕಳುಹಿಸಿದ ಹಳಿಗಳು ಬೇರೆ ಬೇರೆ ಅಳತೆಯವು, ಹಳೆಯವು. ಆದರೂ ಹಾದಿ ಮುಗಿಯಿತು, ಗಾಡಿ ಓಡಿತು. ನೇಪಿಯರನ ವಿವೇಕ ಪ್ರಕಟವಾದುದು ಇನ್ನೊಂದು ಏರ್ಪಾಡಿನಲ್ಲಿ. ಒಳನಾಡಿನ ಜನರು ನಂಬುತ್ತಿದ್ದ ನಾಣ್ಯ ಮರಿಯಾ ತೆರೇಸಾ ಬೆಳ್ಳಿಯ ಡಾಲರ್ ಒಂದೇ ಆಗಿದ್ದುದರಿಂದ ಅದನ್ನು ವಿಯೆನ್ನಾದಲ್ಲಿ ಹೊಸದಾಗಿ ಟಂಕಿಸಿ ತರಿಸಿ, ದಾರಿಯುದ್ದಕ್ಕೂ ಧಾನ್ಯವನ್ನೂ ಮೇವನ್ನೂ ಬೆಲೆಕೊಟ್ಟು ಕೊಳ್ಳಲಾಯಿತು. ಸಮುದ್ರ ದಾಟಿಸಿ ಬೆಟ್ಟ ಹತ್ತಿಸಬೇಕಾಗಿದ್ದ ಸಾವಿರಾರು ಮೂಟೆಗಳಿಗೆ ಬದಲಾಗಿ ಕೆಲವು ಪೆಟ್ಟಿಗೆ ಬೆಳ್ಳಿ ಸಾಕಾಯಿತು. 1868ರ ಏಪ್ರಿಲ್ 13ರಂದು ಮಕ್ದಲಾ ಕೋಟೆ ಬಿದ್ದಿತು. ಸರಬರಾಜಿನ ದೃಷ್ಟಿಯಿಂದ ಇದು ಆ ಶತಮಾನದ ಅತ್ಯುತ್ತಮ ಕಾರ್ಯಗಳಲ್ಲಿ ಒಂದೆಂದು ಈ ಲೇಖಕನ ಅಭಿಪ್ರಾಯ. ಅರ್ಧ ಶತಮಾನದ ಬಳಿಕ ಅದೇ ರೇವಿನಿಂದ ಹೊರಟ ಇನ್ನೊಂದು ದಂಡು ಈ ಪಾಠವನ್ನು ಮರೆತುದಕ್ಕೆ ತೆತ್ತ ಬೆಲೆಯನ್ನು ಮುಂದೆ ಕಾಣಬಹುದು.

ಒಂದನೆಯ ಮಹಾಯುದ್ಧವು ಆರಂಭವಾಗುವ ಹೊತ್ತಿಗೆ ಮುಂಬಯಿ ರೇವಿನ ಮುಖವೇ ಬೇರೆಯಾಗಿದ್ದಿತು. ಪ್ರಿನ್ಸೆಸ್ ಡಾಕ್ 1880ರಲ್ಲಿಯೂ ವಿಕ್ಟೋರಿಯಾ ಡಾಕ್ 1888ರಲ್ಲಿಯೂ ತೆರೆದಿದ್ದುವು. ಈಗ ಇಂದಿರಾ ಡಾಕ್ ಎನಿಸಿಕೊಳ್ಳುವ ಅಲೆಕ್ಸಾಂಡ್ರಾ ಡಾಕನ್ನು ಯುದ್ಧಕ್ಕೆ ಕೆಲವೇ ತಿಂಗಳ ಮುಂಚೆ, 1914ರ ಮಾರ್ಚಿನಲ್ಲಿ, ವೈಸರಾಯ್ ಹಾರ್ಡಿಂಜನು ಉದ್ಘಾಟಿಸಿದನು. 1915ರ ಜನವರಿಯಿಂದ ಪೋರ್ಟ್ ಟ್ರಸ್ಟಿನ ಸ್ವಂತ ರೈಲುಹಾದಿಯು ಡಾಕುಗಳನ್ನು ಹೊರಗಿನ ಹಳಿಗಳೊಡನೆ ಜೋಡಿಸಿತು. ಸುಮಾರು ಹದಿಮೂರು ಲಕ್ಷ ಜನ, ಒಂದು ಲಕ್ಷ ಎಪ್ಪತ್ತು ಸಾವಿರಕ್ಕೆ ಮಿಕ್ಕ ಪ್ರಾಣಿಗಳು, ಮೂವತ್ತಾರು ಲಕ್ಷ ಟನ್ನಿಗೂ ಹೆಚ್ಚಿನ ಸಾಮಗ್ರಿ: ಆ ಯುದ್ಧಕ್ಕೆ ಹಿಂದೂಸ್ಥಾನವು ಒದಗಿಸಿದುದರ ಅಧಿಕೃತ ಲೆಕ್ಕ ಇದು. ಕರಾಚಿಯಿಂದಲೂ ದಂಡುಗಳು ಹೊರಟುವಾದರೂ ಮುಂಬಯಿಯೇ ಪ್ರಧಾನ ದ್ವಾರವಾಗಿದ್ದಿತು.

ಮೈಸೂರಿನ ಪಾಲಿನಲ್ಲಿ ಮೊದಲು ಹೇಳತಕ್ಕದ್ದು ನಾಲ್ವಡಿ ಕೃಷ್ಣರಾಜ ಒಡೆಯರವರು ಯುದ್ಧನಿಧಿಗೆ ಕೊಟ್ಟ ಐವತ್ತು ಲಕ್ಷ ರೂಪಾಯಿ. ಎರಡನೆಯದು ಸಂಸ್ಥಾನದ ಭರ್ಜಿ ಕುದುರೆಪಡೆ. 1914ರ ಅಕ್ಟೋಬರಿನಲ್ಲಿ ಬೆಂಗಳೂರನ್ನು ಬಿಟ್ಟ ಈ ಪಡೆ ಮುಂಬಯಿಯಲ್ಲಿ ಹಡಗನ್ನೇರಿ ಸುಯೆಜನ್ನು ಸೇರಿತು. ನಾನೂರೈವತ್ತರ ಆಸುಪಾಸಿನ ಸವಾರರೊಡನೆ ಐನೂರಕ್ಕೂ ಮಿಕ್ಕ ಕುದುರೆಗಳೂ ನೂರಕ್ಕೆ ಮೀರಿದ ಪರಿಚಾರಕರೂ ಇದ್ದರು. ಕುದುರೆಯೊಂದಕ್ಕೆ ದಿನಕ್ಕೆ ಹತ್ತು ಪೌಂಡು ಧಾನ್ಯವೆಂದು ಹಿಡಿದರೂ ಈ ಒಂದು ಪಡೆಯ ಕುದುರೆಗಳಿಗೇ ನಿತ್ಯ ಎರಡು ಟನ್ನಿಗೂ ಹೆಚ್ಚು ಧಾನ್ಯ ಬೇಕು; ಹುಲ್ಲು ಬೇರೆ; ಎಂಟು ಗ್ಯಾಲನ್ನಿನಂತೆ ನಾಲ್ಕು ಸಾವಿರ ಗ್ಯಾಲನ್ ನೀರು ಬೇರೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ಹಿಡಿದ ಕೀರ್ತಿಯನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ, ಸ್ಮರಿಸಲೇಬೇಕು. ಆದರೆ ಸುಯೆಜ್ ಕಾಲುವೆಯಿಂದ ಸೀನಾಯ್ ಮರಳುಗಾಡನ್ನು ದಾಟಿ ಹಾಕಿದ ರೈಲುಹಾದಿಯೂ, ಅದರ ಪಕ್ಕದಲ್ಲಿ ನೈಲಿನ ನೀರನ್ನು ಹರಿಸಿದ ಕೊಳವೆಯೂ ಇರದಿದ್ದರೆ ಆ ಕುದುರೆಗಳು ಪ್ಯಾಲೆಸ್ತೀನಿನ ಹೊಸ್ತಿಲನ್ನು ತುಳಿಯುತ್ತಿರಲಿಲ್ಲ.

ಇದಕ್ಕೆ ತೀರ ವಿರುದ್ಧವಾದ ಕಥೆ ಮೆಸೊಪೊಟೇಮಿಯಾದ್ದು. 1914ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಹೊರಟ ಪುಣೆಯ ಆರನೆಯ ಡಿವಿಜನ್ನಿನ ಮುಂಚೂಣಿ ನವೆಂಬರಿನಲ್ಲಿ ಫಾವೋ ಎಂಬಲ್ಲಿ ಇಳಿಯಿತು; ಅದೇ ತಿಂಗಳು ಬಸ್ರಾ ಪಟ್ಟಣವು ವಶವಾಯಿತು. ಗೆಲುವು ಸುಲಭವಾಗಿ ಬಂದುದೇ ಅನರ್ಥಕ್ಕೆ ಕಾರಣವಾಯಿತು. ಬಸ್ರಾದಲ್ಲಿ ಸಾಗರದ ಹಡಗು ತಾಗಿ ನಿಲ್ಲುವ ಧಕ್ಕೆಯೇ ಇರಲಿಲ್ಲ. ನಡುಹೊಳೆಯಲ್ಲಿ ಲಂಗರು ಹಾಕಿ ಮಹೇಲಾ ಎಂಬ ಸ್ಥಳೀಯ ದೋಣಿಗಳಿಗೆ ಸರಕನ್ನು ಇಳಿಸಬೇಕು, ಅಲ್ಲಿಂದ ಮುಂದಕ್ಕೆ ರಸ್ತೆಯಿಲ್ಲ, ರೈಲಿಲ್ಲ, ಬೇಸಗೆಯಲ್ಲಿ ಬತ್ತುವ ಟೈಗ್ರಿಸ್ ನದಿಯೊಂದೇ ದಾರಿ. ಆಳ ಕಡಿಮೆಯಾದ ನದಿಯಲ್ಲಿ ಓಡಬಲ್ಲ ಚಪ್ಪಟೆ ತಳದ ಉಗಿದೋಣಿಗಳು ಬೆರಳೆಣಿಕೆಯಷ್ಟು. ಪಡೆ ಮೇಲುಮೇಲಕ್ಕೆ ಸಾಗಿದಂತೆಲ್ಲ ಇದೇ ದೋಣಿಗಳು ಹೆಚ್ಚು ದೂರಕ್ಕೆ, ಹೆಚ್ಚು ಬಾಯಿಗಳಿಗೆ ಅನ್ನವನ್ನು ಒಯ್ಯಬೇಕಾಯಿತು. ಮರಳಿ ಬರುವಾಗ ಅವೇ ಗಾಯಾಳುಗಳನ್ನೂ ತರಬೇಕಾಯಿತು. ಬಸ್ರಾದ ಹೊಳೆಯಲ್ಲಿ ಮುಂಬಯಿಯಿಂದ ಬಂದ ಹಡಗುಗಳು ತುಂಬಿದ ಹೊಟ್ಟೆಯಲ್ಲಿ ವಾರಗಟ್ಟಲೆ ಕಾದು ನಿಂತವು. ನದಿಯ ಮೇಲ್ಗಡೆ ಸಿಪಾಯಿಗಳು ಅರೆಹೊಟ್ಟೆಯಲ್ಲಿದ್ದರು.

1915ರ ನವೆಂಬರಿನಲ್ಲಿ ಟೆಸಿಫೋನಿನ ಕಾಳಗವಾದ ಬಳಿಕ ಗಾಯಾಳುಗಳನ್ನು ಹೇರಿಕೊಂಡು ಬಂದ ನದೀನೌಕೆಯೊಂದನ್ನು ಬಸ್ರಾದಲ್ಲಿ ಎದುರುಗೊಂಡ ಸೇನಾ ವೈದ್ಯ ಮೇಜರ್ ಕಾರ್ಟರನು, ಹೊದಿಕೆಯಿಲ್ಲದೆ ಚಿಕಿತ್ಸೆಯಿಲ್ಲದೆ ಮಲದಲ್ಲಿಯೇ ಹೊರಳುತ್ತಿದ್ದ ಆ ಜನರ ಸ್ಥಿತಿಯನ್ನು ಮೇಲಧಿಕಾರಿಗಳಿಗೆ ಇದ್ದುದಿದ್ದಂತೆ ವರದಿಮಾಡಿ, ಅವರ ಬೆದರಿಕೆಗೂ ಗುರಿಯಾದನು. ಆತನು ಬಾಯಿ ಮುಚ್ಚಿಕೊಂಡಿದ್ದರೆ ಈ ಯಾತನೆಯ ಬಹುಭಾಗ ನಮಗೆ ತಿಳಿಯುತ್ತಲೇ ಇರಲಿಲ್ಲ. ಡಿಸೆಂಬರಿನಲ್ಲಿ ಟೈಗ್ರಿಸ್ ದಂಡೆಯ ಕುತ್ ಪಟ್ಟಣದಲ್ಲಿ ಆರನೆಯ ಡಿವಿಜನ್ನಿನ ನಾಯಕನಾದ ಟೌನ್ಶೆಂಡನ ಸೈನ್ಯವು ತುರ್ಕರ ಮುತ್ತಿಗೆಗೆ ಸಿಕ್ಕಿತು. ಗೋಧಿ ಹಿಟ್ಟು ದಿನೇ ದಿನೇ ಇಳಿಯಿತು. ಕುದುರೆ ಮಾಂಸವನ್ನು ತಿನ್ನಲು ಹಿಂದೂಸ್ಥಾನದ ಸಿಪಾಯಿಗಳು ಧರ್ಮಭಯದಿಂದ ಬಹುಕಾಲ ಒಪ್ಪಲಿಲ್ಲ, ಒಪ್ಪುವ ಹೊತ್ತಿಗೆ ಅವರಲ್ಲಿ ತ್ರಾಣವುಳಿದಿರಲಿಲ್ಲ. ಕಡೆಯ ವಾರದಲ್ಲಿ ಸುಮಾರು 270 ಟನ್ ಆಹಾರವನ್ನು ತುಂಬಿಕೊಂಡು ಶತ್ರುವಿನ ಗುಂಡಿನ ನಡುವೆ ಹೊರಟ ಜುಲ್ನಾರ್ ಎಂಬ ಉಗಿದೋಣಿಯು ಕುತ್ತಿನ ಸಮೀಪದಲ್ಲಿಯೇ ಸಿಕ್ಕಿಬಿದ್ದಿತು. 1916ರ ಏಪ್ರಿಲ್ 29ರಂದು ಸೈನ್ಯವು ಶರಣಾಯಿತು. ಸುಮಾರು ಹದಿಮೂರು ಸಾವಿರ ಜನ ಸೆರೆಸಿಕ್ಕರು, ಅವರಲ್ಲಿ ಬಹುಸಂಖ್ಯಾತರು ಹಿಂದೂಸ್ಥಾನದವರು.

ಆಹಾರಶಾಸ್ತ್ರಕ್ಕೂ ಈ ರಣರಂಗವು ಒಂದು ಕಠೋರವಾದ ಪಾಠವನ್ನು ಕಲಿಸಿತು. ಬಿಳಿಯ ಹಿಟ್ಟಿನ ರೊಟ್ಟಿಯನ್ನು ತಿಂದ ಬ್ರಿಟಿಷ್ ಸೈನಿಕರಿಗೆ ಬೆರಿಬೆರಿ ರೋಗ ತಗುಲಿದಾಗ, ತೌಡು ತೆಗೆಯದ ಹಿಟ್ಟನ್ನೂ ಬೇಳೆಯನ್ನೂ ಉಣ್ಣುತ್ತಿದ್ದ ಸಿಪಾಯಿಗಳು ಅದರಿಂದ ಪಾರಾದರು. ಆದರೆ ಹಸುರು ತರಕಾರಿ ಹಣ್ಣುಗಳಿಲ್ಲದೆ ವಸಡುಗಳು ಬಾತು ರಕ್ತವೊಸರುವ ಸ್ಕರ್ವಿ ಅವರನ್ನೇ ಸಾವಿರಗಟ್ಟಲೆ ಹಿಡಿಯಿತು. ತೂಕದಲ್ಲಿ ಸರಿಯಾಗಿದ್ದ ಪಡಿಯು ಸತ್ವದಲ್ಲಿ ಕೊರತೆಯದಾಗಿದ್ದಿತು. 1916ರ ಮಧ್ಯಭಾಗದಲ್ಲಿ ಈ ಯುದ್ಧದ ಆಡಳಿತವು ಲಂಡನ್ನಿನ ಯುದ್ಧ ಕಾರ್ಯಾಲಯದ ಕೈಗೆ ಹೋದ ಮೇಲೆ ಬಸ್ರಾದ ಬಳಿಯ ಮಾಗಿಲ್‌ನಲ್ಲಿ ಧಕ್ಕೆಗಳು ಎದ್ದುವು, ನದೀನೌಕೆಗಳು ಹೆಚ್ಚಿದುವು, ರೈಲುಹಾದಿ ಬೆಳೆಯಿತು. ಇದಕ್ಕೂ ಇತರ ರಣರಂಗಗಳಿಗೂ ಸೇರಿ ಹಿಂದೂಸ್ಥಾನದ ರೈಲ್ವೆಗಳು 1,800 ಮೈಲಿಗಳಷ್ಟು ಹಳಿಯನ್ನೂ 200ಕ್ಕೂ ಹೆಚ್ಚು ಎಂಜಿನುಗಳನ್ನೂ ಕಳುಹಿಸಿದುವು. ಅನೇಕ ಶಾಖಾಮಾರ್ಗಗಳನ್ನು ಕಿತ್ತು ಹಡಗಿಗೆ ಹೇರಲಾಯಿತು. 1917ರ ಮಾರ್ಚಿನಲ್ಲಿ ಬಾಗ್ದಾದು ವಶವಾಯಿತು. ಮೆಸೊಪೊಟೇಮಿಯಾದ ವೈಫಲ್ಯವನ್ನು ಕುರಿತು ಅದೇ ವರ್ಷ ಪ್ರಕಟವಾದ ವಿಚಾರಣಾ ಆಯೋಗದ ವರದಿಯಿಂದಾಗಿ ಭಾರತ ಕಾರ್ಯದರ್ಶಿ ಆಸ್ಟೆನ್ ಚೇಂಬರ್ಲೇನನು ರಾಜೀನಾಮೆ ಕೊಟ್ಟನು.

ಯುದ್ಧದ ಹಡಗುಗಳು ಕನ್ನಡ ನಾಡಿನ ಕೈಗಾರಿಕೆಯ ಮೇಲೆಯೂ ನೆರಳು ಚೆಲ್ಲಿದುವು. 1851ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹಾಲರನು ನೇಯ್ಗೆ ಶಾಲೆಯಲ್ಲಿ ಸಿದ್ಧಪಡಿಸಿದ ಕಾಕಿ ಬಣ್ಣದ ಬಟ್ಟೆ ದಂಡಿನ ಉಡುಪಿನ ಚರಿತ್ರೆಯಲ್ಲಿ ಪ್ರಸಿದ್ಧವಾದುದು; ಆ ಮಿಷನ್ನಿನ ಕಾರ್ಖಾನೆಗಳು ಒಂದನೆಯ ಮಹಾಯುದ್ಧದಲ್ಲಿ ಶತ್ರುದೇಶದ ಆಸ್ತಿಯೆಂಬ ಹೆಸರಿನಲ್ಲಿ ಕೈತಪ್ಪಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದುವು. ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಗಂಧದ ಕೊರಡು ಮಾರ್ಗ ಕಡಿದು ಉಗ್ರಾಣದಲ್ಲಿಯೇ ಉಳಿದುದರಿಂದ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು.

ಎರಡು ಯುದ್ಧಗಳ ನಡುವಿನ ಕಾಲದಲ್ಲಿ ದಹಿಸರಿನ ಹಾದಿಯು ಮಾರ್ಪಟ್ಟಿತು. 1928ರಲ್ಲಿ ಬೋರಿವಲಿಯವರೆಗೂ 1936ರಲ್ಲಿ ವಿರಾರ್‌ವರೆಗೂ ವಿದ್ಯುತ್ ಗಾಡಿಗಳು ಬಂದುವು. ವಿಲಾಯತಿಯ ಟಪಾಲು ಹಡಗುಗಳ ಪ್ರಯಾಣಿಕರನ್ನು ಬಲ್ಲಾರ್ಡ್ ಪಿಯರಿನಿಂದ ನೇರವಾಗಿ ಪೇಶಾವರಕ್ಕೆ ಒಯ್ಯುವ ಫ್ರಾಂಟಿಯರ್ ಮೇಲ್ ಇದೇ ಹಳಿಗಳ ಮೇಲೆ ಓಡಿತು. ಅಬಿಸೀನಿಯಾದ ಕಾಲದಲ್ಲಿ ಹಲವು ಸಲ ಕೈಬದಲಾಗುತ್ತಿದ್ದ ಸರಕು ಈಗ ಗಡಿನಾಡಿನ ಛಾವಣಿಯಿಂದ ಹಡಗಿನ ಮಗ್ಗುಲಿಗೆ ಒಂದೇ ಗಾಡಿಯಲ್ಲಿ ಬರಬಹುದಾಗಿದ್ದಿತು. ಎರಡನೆಯ ಮಹಾಯುದ್ಧವು ತೊಡಗಿದ ಮೇಲೆ, 1939ರ ಡಿಸೆಂಬರಿನಲ್ಲಿ, ಹೇಸರಗತ್ತೆಗಳ ನಾಲ್ಕು ಸಾರಿಗೆ ಕಂಪೆನಿಗಳು ಮುಂಬಯಿಯಲ್ಲಿ ಹಡಗನ್ನೇರಿ ಫ್ರಾನ್ಸಿನ ಮಾರ್ಸೇಲ್ಸಿಗೆ ಹೋದುವು. ಮೋಟಾರು ಲಾರಿಗಳ ಆ ಯುಗದಲ್ಲಿ ಹಿಮಗಟ್ಟಿದ ಕೆಸರುಹಾದಿಯಲ್ಲಿ ನಡೆಯಬಲ್ಲ ಪ್ರಾಣಿಗಳು ಯೂರೋಪಿಗೂ ಬೇಕಾದುವು.

ಎರಡನೆಯ ಮಹಾಯುದ್ಧದಲ್ಲಿ ಕಡಲಾಚೆಯ ಪಡೆಗೆ ಕಳುಹಿಸಿದ ಅನ್ನದ ಭಾರ ಮನೆಯ ಒಲೆಗೂ ತಟ್ಟಿತು. 1942ರಲ್ಲಿ ಬರ್ಮಾ ಬಿದ್ದು ಅಲ್ಲಿನ ಅಕ್ಕಿ ನಿಂತುಹೋಯಿತು, ಹಡಗುಗಳೂ ರೈಲುಗಳೂ ದಂಡಿನ ಕೆಲಸಕ್ಕೆ ಮುಡಿಪಾದುವು. 1943ರ ಮೇ 2ರಂದು ಮುಂಬಯಿಯಲ್ಲಿ ಧಾನ್ಯದ ಪಡಿಚೀಟಿ ಜಾರಿಗೆ ಬಂದಿತು. ತುಳುನಾಡಿನಿಂದ ಬಂದು ಮುಂಬಯಿಯಲ್ಲಿ ಊಟದ ಮನೆಗಳನ್ನು ನಡೆಸುತ್ತಿದ್ದವರಿಗೆ ಅಕ್ಕಿಯೆಂಬುದು ಅಳೆದು ಕೊಡುವ ವಸ್ತುವಾಯಿತು. ಇತ್ತ ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ವಾಯುಸೇನೆಯ ಉಸ್ತುವಾರಿಗೆ ಬಂದು, ಬರ್ಮಾ ಮತ್ತು ಚೀನದ ರಣರಂಗಗಳ ವಿಮಾನಗಳ ದುರಸ್ತಿಗೆ ಆಶ್ರಯವಾಯಿತು. ಕಡಲ ದಾರಿ ಮುಚ್ಚಿದ ಚೀನಕ್ಕೆ ಹಿಮಾಲಯದ ಮೇಲಿನಿಂದ ಸರಕು ಹಾರಿದ ಕಾಲವದು.

ಇಕ್ಕಟ್ಟಿನ ಎಡೆಯಲ್ಲಿ ಒಂದು ದಿನದ ಅಜಾಗ್ರತೆ ಎಂತಹುದಾಗಬಲ್ಲುದೆಂಬುದಕ್ಕೆ 1944ರ ಏಪ್ರಿಲ್ 14ರ ಘಟನೆಗಿಂತ ಭೀಕರವಾದ ನಿದರ್ಶನವಿಲ್ಲ. ಬರ್ಕನ್‌ಹೆಡ್‌ನಿಂದ ಹೊರಟ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸುಮಾರು 1,400 ಟನ್ ಸ್ಫೋಟಕಗಳನ್ನೂ ಚಿನ್ನದ ಗಟ್ಟಿಗಳನ್ನೂ ಹೊತ್ತು, ಕರಾಚಿಯಲ್ಲಿ ಸಾವಿರಾರು ಹತ್ತಿಯ ಅಂಡಿಗೆಗಳನ್ನು ತುಂಬಿಕೊಂಡು 12ನೆಯ ತಾರೀಖು ವಿಕ್ಟೋರಿಯಾ ಡಾಕಿಗೆ ಬಂದಿತು. ಹತ್ತಿಯನ್ನೂ ಮದ್ದನ್ನೂ ಒಂದೇ ಒಡಲಿನಲ್ಲಿಡುವುದು ಅಪಾಯವೆಂದು ಬಲ್ಲವರೂ ಯುದ್ಧಕಾಲದ ಹಡಗಿನ ಅಭಾವದಿಂದ ಒಪ್ಪಿಕೊಂಡಿದ್ದರು. ಎರಡು ದಿನ ಕಳೆದರೂ ಸ್ಫೋಟಕಗಳು ಪೂರ್ತಿಯಾಗಿ ಇಳಿದಿರಲಿಲ್ಲ. 14ರ ಮಧ್ಯಾಹ್ನ ಹತ್ತಿಯಲ್ಲಿ ಹೊಗೆ ಕಂಡಿತು. ಅಗ್ನಿಶಾಮಕ ದಳದವರು ಹಡಗಿನ ಮೇಲೆಯೇ ನಿಂತು ನೀರು ಸುರಿದರು. ಸಂಜೆ 4 ಗಂಟೆ 6 ನಿಮಿಷಕ್ಕೆ ಮೊದಲನೆಯ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಐವತ್ತು ಮೈಲಿಯಾಚೆಗೂ ಕೇಳಿಸಿತೆನ್ನುವ ಆ ಸದ್ದಿನ ವರ್ತುಲದೊಳಗೆ ದಹಿಸರೂ ಇದ್ದಿತು. ಸತ್ತವರನ್ನು ಎಂಟುನೂರರಿಂದ ಹದಿಮೂರುನೂರರವರೆಗೆ ಎಣಿಸುತ್ತಾರೆ. ಎಣಿಕೆ ಇಷ್ಟು ಸಡಿಲವಾಗಿರುವುದಕ್ಕೆ ಆ ಕಟ್ಟೆಯ ಮೇಲೆ ದಿನಗೂಲಿಗೆ ದುಡಿಯುತ್ತಿದ್ದ ಹಮಾಲರ ಹೆಸರುಗಳು ಯಾವ ಖಾತೆಯಲ್ಲಿಯೂ ಸರಿಯಾಗಿ ಇರಲಿಲ್ಲವೆಂಬುದೂ ಕಾರಣವಾಗಿರಬೇಕು. ಅಗ್ನಿಶಾಮಕ ದಳದ 66 ಮಂದಿ ಪ್ರಾಣವನ್ನರ್ಪಿಸಿದರು. ಅವರ ಸ್ಮರಣಾರ್ಥವಾಗಿಯೇ ಏಪ್ರಿಲ್ 14ನ್ನು ದೇಶದಲ್ಲೆಲ್ಲ ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತಾರೆ.

ಸ್ವತಂತ್ರ ಭಾರತದಲ್ಲಿ ಸೇನಾ ಸರಬರಾಜಿನ ಕಾರ್ಯವು ಭೂಸೇನೆಯ ಆರ್ಮಿ ಸರ್ವಿಸ್ ಕೋರ್ ಎಂಬ ದಳಕ್ಕೆ ಸೇರಿದುದು. ಈಗ ಅದರ ಕೇಂದ್ರವೂ ವಿದ್ಯಾಲಯವೂ ಬೆಂಗಳೂರಿನಲ್ಲಿವೆ, ಅದರ ಧ್ಯೇಯವಾಕ್ಯವು ಸೇವಾ ಅಸ್ಮಾಕಂ ಧರ್ಮಃ ಎಂಬುದು.

ಹೊತ್ತವರ ಸ್ಮಾರಕಗಳು ಕಾದಿದವರ ಸ್ಮಾರಕಗಳಷ್ಟು ಎದ್ದು ಕಾಣುವುದಿಲ್ಲ. ಮೈಸೂರಿನ ಭರ್ಜಿಪಡೆಗೆ ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಬಳಿಯಲ್ಲಿ ಸ್ತಂಭವಿದೆ, ದೆಹಲಿಯ ತೀನ್‌ಮೂರ್ತಿಯಲ್ಲಿ ಪ್ರತಿಮೆಯಿದೆ. ಮೆಸೊಪೊಟೇಮಿಯಾದಲ್ಲಿ ಮಡಿದು ಗೋರಿಯಿಲ್ಲದವರಿಗೆಂದು ಬಸ್ರಾದಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರುಗಳನ್ನು ಕೆತ್ತಿದರು, ಹಿಂದೂಸ್ಥಾನದ ಸಾಮಾನ್ಯ ಸಿಪಾಯಿಗಳನ್ನು ಪಡೆಪಡೆಯಾಗಿ ಬರಿಯ ಸಂಖ್ಯೆಯಲ್ಲಿ ನಮೂದಿಸಿದರು. ದಹಿಸರಿನಿಂದ ಬಂದವರು ದಾದರಿನಲ್ಲಿ ಗಾಡಿ ಬದಲಾಯಿಸಿ ಮಸ್ಜಿದ್ ನಿಲ್ದಾಣದಲ್ಲಿ ಇಳಿದರೆ ಪೂರ್ವದ ಕಡೆ, ಡಾಕುಗಳಿಗೆ ಹತ್ತಿರದಲ್ಲಿ, ಭಾರತೀಯ ನಾವಿಕರ ವಸತಿಗೃಹವಿದೆ. ಅದರೊಳಗೆ ಒಂದನೆಯ ಮಹಾಯುದ್ಧದಲ್ಲಿ ಸಮುದ್ರದ ಹೊರತು ಬೇರೆ ಗೋರಿಯಿಲ್ಲದ ಎರಡು ಸಾವಿರಕ್ಕೂ ಹೆಚ್ಚು ನಾವಿಕರ ಸ್ಮಾರಕವಿದೆ. ಎರಡನೆಯ ಯುದ್ಧದಲ್ಲಿ ಹಾಗೆಯೇ ಹೋದ ಸುಮಾರು ಆರೂವರೆ ಸಾವಿರ ಮಂದಿಯ ಹೆಸರುಗಳನ್ನು ಬರೆದ ಸ್ಮರಣಗ್ರಂಥವಿದೆ, ಅದರ ಇನ್ನೊಂದು ಪ್ರತಿ ಚಿತ್ತಗಾಂಗಿನಲ್ಲಿದೆ.